ಇಷ್ಟೇನಾ ಸಾ?

ಗುಬ್ಬಿ ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟ, 1983. ಹಿಂದಿನ ರಾತ್ರಿ ಹನಿದ ಮಳೆಗೆ ಮೈದಾನದ ಸುಣ್ಣದ ಗೆರೆ ಅಲ್ಲಲ್ಲಿ ಕರಗಿತ್ತು. ಅದನ್ನು ತಿದ್ದಿಸಲು ಹೊರಟ ಪಿಟಿ ಮೇಷ್ಟ್ರ ಹಿಂದೆ ಸುಣ್ಣದ ಡಬ್ಬ ಹೊತ್ತು ತಿರುಗುವ ಕೆಲಸ ನನ್ನದು. ಇನ್ನೂರು ಮೀಟರಿನ ಸುತ್ತು. ಹುಡುಗಿಯರ ಎಂಟುನೂರು ಮೀಟರ್ ಓಟವೆಂದರೆ ನಾಲ್ಕು ಸುತ್ತು.

ನಮ್ಮ ದೊಡ್ಡಮ್ಮನ ಊರಿನ, ನಿಟ್ಟೂರು ಕಡೆಯ ಹುಡುಗಿಯೊಬ್ಬಳು ಆ ಓಟದಲ್ಲಿದ್ದಳು. ಎರಡು ಜಡೆಯನ್ನು ಮೇಲಕ್ಕೆ ಮಡಚಿ ಟೇಪು ಕಟ್ಟಿದ್ದಳು. ಬರಿಗಾಲು. ಲಂಗವನ್ನು ಮೊಣಕಾಲಿನವರೆಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದ್ದಳು. ಮೊದಲ ಎರಡು ಸುತ್ತು ಗುಂಪಿನ ನಡುವೆ ಎಲ್ಲಿದ್ದಳೋ ಕಾಣಲಿಲ್ಲ. ಮೂರನೆಯದರಲ್ಲಿ ಉಳಿದವರು ಬಾಯಿಬಿಟ್ಟು ಉಸಿರೆಳೆಯತೊಡಗಿದಾಗ ಇವಳು ಒಬ್ಬೊಬ್ಬರನ್ನೇ ದಾಟಿ ಮುಂದೆ ಬಂದಳು. ಕೊನೆಗೆರೆ ಮುಟ್ಟಿದ ಮೇಲೆ ಕೂರಲಿಲ್ಲ, ಮಂಡಿ ಹಿಡಿದು ಬಗ್ಗಲೂ ಇಲ್ಲ. ಎರಡು ಹೆಜ್ಜೆ ಹಿಂದಕ್ಕೆ ನಡೆದು ಬಂದು ಮೇಷ್ಟ್ರನ್ನು ಕೇಳಿದಳು: “ಇಷ್ಟೇನಾ ಸಾ?”

“ಹೆಣ್ಮಕ್ಳಿಗೆ ಇಷ್ಟೇ ಕಣಮ್ಮ. ರೂಲ್ಸು,” ಅಂದರು ಮೇಷ್ಟ್ರು. ಅವರ ದನಿಯಲ್ಲಿ ಯಾವ ಒರಟುತನವೂ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು, ಅಷ್ಟೆ.

ಆ ರೂಲ್ಸು ಹುಟ್ಟಿದ್ದು ಗುಬ್ಬಿಯಲ್ಲಲ್ಲ, ಬೆಂಗಳೂರಿನಲ್ಲೂ ಅಲ್ಲ. ಅದು ಎಲ್ಲಿಂದ ಹೊರಟು ನಮ್ಮ ಸುಣ್ಣದ ಗೆರೆಯವರೆಗೆ ಬಂತು ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು. ತಿಳಿದ ಮೇಲೆ ಸಿಟ್ಟು ಬಂತು. ಆ ಸಿಟ್ಟು ಈಗಲೂ ಇದೆ.

1928ರ ಆಗಸ್ಟ್ 2. ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್. ಟ್ರ್ಯಾಕ್ ಮೇಲೆ ಹೆಂಗಸರು ಓಡಲು ಒಲಿಂಪಿಕ್ಸ್ ಒಪ್ಪಿದ್ದೇ ಆ ವರ್ಷ. ಎಂಟುನೂರು ಮೀಟರ್ ಫೈನಲ್‌ಗೆ ಒಂಬತ್ತು ಮಂದಿ ನಿಂತರು. ಜರ್ಮನಿಯ ಲೀನಾ ರಾಡ್ಕೆ 2 ನಿಮಿಷ 16.8 ಸೆಕೆಂಡಿನಲ್ಲಿ ಗೆದ್ದು ವಿಶ್ವದಾಖಲೆ ಬರೆದಳು. ಎರಡನೆಯವಳು ಜಪಾನಿನ ಕಿನುಯೆ ಹಿತೋಮಿ. ನೂರು ಮೀಟರಿನಲ್ಲಿ ಫೈನಲ್ ತಲುಪಲಾಗದೆ, ಬರಿಗೈಯಲ್ಲಿ ದೇಶಕ್ಕೆ ಮರಳಲು ಮನಸ್ಸಾಗದೆ, ಅಭ್ಯಾಸವೇ ಇಲ್ಲದ ಎಂಟುನೂರಕ್ಕೆ ಇಳಿದಿದ್ದಳು ಆಕೆ. ಒಂಬತ್ತು ಮಂದಿಯೂ ಓಟ ಮುಗಿಸಿದರು. ವಿಶ್ವದಾಖಲೆಯ ವೇಗದಲ್ಲಿ ಓಡಿದ ಯಾರೇ ಆದರೂ ಮಾಡುವ ಹಾಗೆ ಕೆಲವರು ಮುಗಿಸಿದ ಮೇಲೆ ಹುಲ್ಲಿನ ಮೇಲೆ ಬಿದ್ದುಕೊಂಡರು.

ಪತ್ರಿಕೆಗಳು ಬರೆದದ್ದೇ ಬೇರೆ. ಹನ್ನೊಂದು ಹೆಂಗಸರು ಓಡಿದರು, ಐವರು ಅರ್ಧಕ್ಕೇ ಬಿಟ್ಟರು, ಉಳಿದವರು ಕುಸಿದರು ಎಂದು ಅಚ್ಚಾಯಿತು. ಓಡಿದವರು ಒಂಬತ್ತೇ ಜನ, ಬಿಟ್ಟವರು ಯಾರೂ ಇಲ್ಲ. ಎಣಿಸಲು ಕೈಬೆರಳು ಸಾಕಾಗಿತ್ತು. ಆದರೆ ಲೋಕ ನಂಬಿದ್ದು ಅಚ್ಚಾದದ್ದನ್ನು. ಹೆಂಗಸರ ಮೈ ದೂರದ ಓಟ ತಡೆಯುವುದಿಲ್ಲವೆಂದು ತೀರ್ಮಾನಿಸಿ, ಇನ್ನೂರು ಮೀಟರಿಗಿಂತ ಉದ್ದದ ಓಟವನ್ನು ಮಹಿಳೆಯರ ಒಲಿಂಪಿಕ್ಸ್‌ನಿಂದ ತೆಗೆದುಹಾಕಿದರು. ಎಂಟುನೂರು ಮೀಟರ್ ವಾಪಸು ಬಂದದ್ದು 1960ರಲ್ಲಿ, ರೋಮ್‌ನಲ್ಲಿ. ಮೂವತ್ತೆರಡು ವರ್ಷ! ಹಿತೋಮಿ ಅದನ್ನು ನೋಡಲಿಲ್ಲ. ಓಡಿದ ದಿನಕ್ಕೆ ಸರಿಯಾಗಿ ಮೂರು ವರ್ಷವಾದಾಗ, 1931ರ ಆಗಸ್ಟ್ 2ರಂದು, 24ನೇ ವಯಸ್ಸಿಗೆ ನ್ಯುಮೋನಿಯಾದಿಂದ ತೀರಿಕೊಂಡಳು.

ಈ ಕಥೆಯಲ್ಲಿ ನನ್ನನ್ನು ಕಾಡುವುದು ಕಾಲಿನ ಶಕ್ತಿಯ ಪ್ರಶ್ನೆ ಅಲ್ಲ, ಬರವಣಿಗೆಯ ಪ್ರಶ್ನೆ. ಯಾರು ಓಡಿದರು, ಎಷ್ಟು ಹೊತ್ತಿನಲ್ಲಿ ಓಡಿದರು ಎಂಬುದನ್ನು ಯಾರು ಬರೆದುಕೊಂಡರು, ಹೇಗೆ ಬರೆದುಕೊಂಡರು? ಆಮ್‌ಸ್ಟರ್‌ಡ್ಯಾಮಿಗೂ ಹಿಂದೆ, 1896ರಲ್ಲಿ, ಮೊದಲ ಆಧುನಿಕ ಒಲಿಂಪಿಕ್ಸ್ ನಡೆದ ಗ್ರೀಸಿನಲ್ಲಿ ಸ್ಟಾಮಾತಾ ರೆವಿಥಿ ಎಂಬ ಬಡ ಹೆಂಗಸಿದ್ದಳು. ಮಡಿಲಲ್ಲಿ ಇನ್ನೂ ಎರಡು ತುಂಬದ ಕೂಸು. ಮ್ಯಾರಥಾನ್ ಓಡುತ್ತೇನೆಂದು ಬಂದಳು, ಬಿಡಲಿಲ್ಲ. ಗಂಡಸರು ಓಡಿದ ಮರುದಿನ ಬೆಳಿಗ್ಗೆ ಎಂಟಕ್ಕೆ ಒಬ್ಬಳೇ ಹೊರಟಳು. ಹೊರಡುವ ಮೊದಲು ಮ್ಯಾರಥಾನ್ ಹಳ್ಳಿಯ ಶಾಲಾ ಮೇಷ್ಟ್ರು ಮತ್ತು ಊರ ಅಧಿಕಾರಿಗಳಿಂದ ‘ಇಷ್ಟು ಹೊತ್ತಿಗೆ ಹೊರಟಳು’ ಎಂದು ಬರೆಸಿ ಸಹಿ ಹಾಕಿಸಿಕೊಂಡಳು. ಮಧ್ಯಾಹ್ನ ಒಂದೂವರೆಗೆ ಅಥೆನ್ಸಿನ ಅಂಚು ತಲುಪಿ ಅಲ್ಲಿದ್ದ ಅಧಿಕಾರಿಗಳಿಂದ ಮತ್ತೊಮ್ಮೆ ಸಹಿ ಪಡೆದಳು. ಓಟಕ್ಕಿಂತ ಮುಖ್ಯವಾಗಿ ಅವಳಿಗೆ ಬೇಕಿದ್ದದ್ದು ಆ ಕಾಗದ. ಯಾರೂ ನಂಬುವುದಿಲ್ಲವೆಂದು ಗೊತ್ತಿದ್ದವಳು.

1966ರಲ್ಲಿ ಅಮೆರಿಕದ ಬಾಬಿ ಗಿಬ್ ಬಾಸ್ಟನ್ ಮ್ಯಾರಥಾನಿನ ಆರಂಭದ ಜಾಗದ ಹತ್ತಿರ ಪೊದೆಯ ಮರೆಯಲ್ಲಿ ಕಾದಿದ್ದು, ಓಟಗಾರರು ಹೊರಟ ಮೇಲೆ ಅವರ ನಡುವೆ ನುಗ್ಗಿ ಕೊನೆಯವರೆಗೂ ಓಡಿದಳು. ಮರುವರ್ಷ ಕ್ಯಾಥರೀನ್ ಸ್ವಿಟ್ಜರ್ ಹೆಸರಿನ ಜಾಗದಲ್ಲಿ ಇನಿಷಿಯಲ್ ಮಾತ್ರ ಬರೆದು 261ನೇ ನಂಬರ್ ಪಡೆದು ಓಡಿದಳು. ಸಂಘಟಕನೊಬ್ಬ ದಾರಿಯಲ್ಲೇ ಬೆನ್ನಟ್ಟಿ ಬಂದು ಆ ನಂಬರಿನ ಬಟ್ಟೆ ಕೀಳಲು ಹೋದ ಫೋಟೋ ಜಗತ್ತೆಲ್ಲ ಸುತ್ತಿತು. ಬಾಸ್ಟನ್ ಹೆಂಗಸರಿಗೆ ಬಾಗಿಲು ತೆರೆದದ್ದು 1972ರಲ್ಲಿ. ಗಿಬ್ ಗೆದ್ದದ್ದನ್ನು ಸಂಘಟಕರು ಒಪ್ಪಿಕೊಂಡದ್ದು 1996ರಲ್ಲಿ.

ಉಳಿದದ್ದು ಒಂದೊಂದು ಮೆಟ್ಟಿಲಿನ ಹಾಗೆ ಸಿಕ್ಕಿತು. 1972ರ ಮ್ಯೂನಿಕ್‌ನಲ್ಲಿ ಸಾವಿರದೈನೂರು. 1984ರ ಲಾಸ್ ಏಂಜಲೀಸ್‌ನಲ್ಲಿ ಮೂರು ಸಾವಿರ ಮೀಟರ್ ಮತ್ತು ಮ್ಯಾರಥಾನ್. 1988ರ ಸೋಲ್‌ನಲ್ಲಿ ಹತ್ತು ಸಾವಿರ. 1996ರ ಅಟ್ಲಾಂಟಾದಲ್ಲಿ ಐದು ಸಾವಿರ. ಮೂರು ಸಾವಿರ ಮೀಟರ್ ಸ್ಟೀಪಲ್‌ಚೇಸ್ ಬರಲು 2008ರ ಬೀಜಿಂಗ್‌ವರೆಗೆ ಕಾಯಬೇಕಾಯಿತು. ಗುಬ್ಬಿಯ ಹುಡುಗಿ “ಇಷ್ಟೇನಾ” ಎಂದು ಕೇಳಿದ ದಿನ ಇಡೀ ಒಲಿಂಪಿಕ್ಸ್ ಚರಿತ್ರೆಯಲ್ಲಿ ಹೆಂಗಸರು ಓಡಿದ್ದ ಅತಿ ಉದ್ದದ ಓಟ ಸಾವಿರದೈನೂರು ಮೀಟರ್. ಮೇಷ್ಟ್ರು ಸುಳ್ಳು ಹೇಳಿರಲಿಲ್ಲ.

ಲಾಸ್ ಏಂಜಲೀಸ್‌ನ ಮ್ಯಾರಥಾನಿನಲ್ಲಿ ಒಂದು ಘಟನೆ ನಡೆಯಿತು. ಜೋನ್ ಬೆನೊಯ್ಟ್ 2 ಗಂಟೆ 24 ನಿಮಿಷ 52 ಸೆಕೆಂಡಿನಲ್ಲಿ ಗೆದ್ದು ಹೋಗಿ ಬಹಳ ಹೊತ್ತಾದ ಮೇಲೆ ಸ್ವಿಟ್ಜರ್ಲೆಂಡ್ ಪರ ಓಡುತ್ತಿದ್ದ ಗೇಬ್ರಿಯೆಲಾ ಆಂಡರ್ಸನ್-ಶೀಸ್ ಸ್ಟೇಡಿಯಮ್ಮಿಗೆ ಬಂದಳು. ಬಿಸಿಲಿನ ಹೊಡೆತಕ್ಕೆ ದೇಹ ಒಂದು ಕಡೆಗೆ ವಾಲಿತ್ತು, ಒಂದು ಕೈ ಜೋತುಬಿದ್ದಿತ್ತು. ವೈದ್ಯರು ಪಕ್ಕದಲ್ಲೇ ನಡೆದರು. ಮೈ ಬೆವರುತ್ತಿದೆ, ಅಂದರೆ ತಾಪ ಕೈಮೀರಿಲ್ಲ ಎಂದು ನೋಡಿಕೊಂಡು ಮುಟ್ಟದೆ ಬಿಟ್ಟರು. ಕೊನೆಯ ಒಂದು ಸುತ್ತಿಗೆ ಐದು ನಿಮಿಷಕ್ಕೂ ಹೆಚ್ಚು ಹೊತ್ತು ಹಿಡಿದು ಗೆರೆ ದಾಟಿ ಬಿದ್ದಳು. ಅವಳ ಸ್ಥಾನ 37. 1928ರಲ್ಲಿ ಹುಲ್ಲಿನ ಮೇಲೆ ಮಲಗಿದ್ದಕ್ಕೇ ಓಟವನ್ನು ಕಿತ್ತುಹಾಕಿದ್ದರು. ಇದನ್ನು ಟಿವಿಯಲ್ಲಿ ಕೋಟ್ಯಂತರ ಜನ ಕಂಡರೂ ಮ್ಯಾರಥಾನನ್ನು ಯಾರೂ ಮುಟ್ಟಲಿಲ್ಲ. ಐವತ್ತಾರು ವರ್ಷಗಳಲ್ಲಿ ಬದಲಾದದ್ದು ಹೆಂಗಸಿನ ಮೈಯಲ್ಲ, ನೋಡುವವರ ಕಣ್ಣು.

ಭಾರತದ ಕಥೆ ಇದಕ್ಕೆ ಹೊಂದಿಕೊಂಡೇ ನಡೆಯಿತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಹೋದ ನೀಲಿಮಾ ಘೋಷ್, ಮೇರಿ ಡಿಸೋಜಾ ಇಬ್ಬರೂ ಚಿಕ್ಕ ದೂರದವರು. 1970ರಲ್ಲಿ ಏಷ್ಯನ್ ಕ್ರೀಡಾಕೂಟದ ವೈಯಕ್ತಿಕ ಚಿನ್ನ ಗೆದ್ದ ಮೊದಲ ಭಾರತೀಯ ಮಹಿಳೆ ಕಮಲ್‌ಜಿತ್ ಸಂಧು ಓಡಿದ್ದು ನಾನೂರು ಮೀಟರ್. ಸ್ವಲ್ಪ ಉದ್ದದ ಓಟಕ್ಕೆ ಹೆಸರು ತಂದವಳು ಗೀತಾ ಜುತ್ಶಿ. 1978ರ ಬ್ಯಾಂಕಾಕ್ ಏಷ್ಯನ್ ಕೂಟದಲ್ಲಿ ಎಂಟುನೂರರ ಚಿನ್ನ, ಸಾವಿರದೈನೂರರ ಬೆಳ್ಳಿ. 1982ರ ದೆಹಲಿಯಲ್ಲಿ ಎರಡರಲ್ಲೂ ಬೆಳ್ಳಿ. 1986ರ ಸೋಲ್‌ನಲ್ಲಿ ಹಿಮಾಚಲದ ಸುಮನ್ ರಾವತ್ ಮೂರು ಸಾವಿರ ಮೀಟರಿನಲ್ಲಿ ಕಂಚು ತಂದಳು. ಅದು ಯಾರ ನೆನಪಿನಲ್ಲೂ ಉಳಿಯಲಿಲ್ಲ. ಆ ಕೂಟ ಪಿ.ಟಿ. ಉಷಾಳ ನಾಲ್ಕು ಚಿನ್ನಗಳದ್ದು.

ನಮ್ಮ ಕರ್ನಾಟಕಕ್ಕೂ ಅದು ಹೆಮ್ಮೆಯ ಕಾಲ. ಸೋಲ್‌ನಲ್ಲಿ ನಾನೂರರ ರಿಲೇ ಚಿನ್ನ ಗೆದ್ದ ನಾಲ್ವರಲ್ಲಿ ನಮ್ಮ ವಂದನಾ ರಾವ್ ಇದ್ದಳು. ಕೊಡಗಿನ ಅಶ್ವಿನಿ ನಾಚಪ್ಪ ಉಷಾಳನ್ನೇ ಹಿಂದಿಕ್ಕಿದಾಗ ನಮ್ಮ ಮನೆಯ ಗೋಡೆಗೂ ಪತ್ರಿಕೆಯಿಂದ ಕತ್ತರಿಸಿದ ಅವಳ ಚಿತ್ರ ಬಂತು. ಆದರೆ ಗೋಡೆಯ ಚಿತ್ರಗಳೆಲ್ಲ ನಾನೂರು ಮೀಟರಿನೊಳಗಿನವು. ಹತ್ತು ಸಾವಿರ ಓಡುವ ಹೆಣ್ಣಿನ ಚಿತ್ರ ನಮ್ಮ ಕಡೆ ಯಾವ ಗೋಡೆಯ ಮೇಲೂ ನಾನು ಕಾಣಲಿಲ್ಲ.

ಏಕೆ ಎಂದು ಬಹಳ ಯೋಚಿಸಿದ್ದೇನೆ. ನೂರು ಮೀಟರನ್ನು ಶಾಲೆಯ ಅಂಗಳದಲ್ಲೇ ಕಲಿಯಬಹುದು. ಸಂಜೆ ನಾಲ್ಕರಿಂದ ಐದರೊಳಗೆ ಮುಗಿಯುತ್ತದೆ. ದೂರದ ಓಟ ಕೇಳುವುದು ರಸ್ತೆಯನ್ನು, ಬೆಳಗಿನ ಜಾವವನ್ನು. ಹತ್ತು ಸಾವಿರ ಮೀಟರಿಗೆ ತಯಾರಾಗುವವಳು ವಾರಕ್ಕೆ ನೂರು ಕಿಲೋಮೀಟರಿಗೂ ಮೀರಿ ಓಡಬೇಕು. ಗುಬ್ಬಿಯಿಂದ ತುಮಕೂರಿಗೆ ಹೋಗಿ ಬರುವ ದೂರವನ್ನು ವಾರದಲ್ಲಿ ಎರಡು ಮೂರು ಸಲ ಕ್ರಮಿಸಿದ ಹಾಗೆ. ಬೆಳಗಿನ ಐದಕ್ಕೆ ತೋಟದ ದಾರಿಯಲ್ಲಿ ಹದಿನೈದರ ಹುಡುಗಿ ಒಬ್ಬಳೇ ಓಡಿದರೆ ಮೊದಲು ನಾಯಿ, ಆಮೇಲೆ ಮಾತು. ಮನೆಯವರು ನಾಯಿಗೆ ಹೆದರುವುದಿಲ್ಲ. ಇನ್ನು ರಕ್ತ. ದೂರ ಓಡುವವರ ಬಂಡವಾಳವೇ ರಕ್ತದಲ್ಲಿರುವ ಕಬ್ಬಿಣ. ಉಸಿರಿನ ಆಮ್ಲಜನಕವನ್ನು ಕಾಲಿಗೆ ಹೊತ್ತೊಯ್ಯುವುದು ಅದೇ. ದೇಶದ ಐದನೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇತ್ತು. ಹೆಂಗಸರು ಕೊನೆಗೆ ಉಣ್ಣುವ ಅಭ್ಯಾಸದ ಮನೆಯಲ್ಲಿ ಬೆಳೆದ ಹುಡುಗಿಗೆ ಹನ್ನೆರಡನೇ ಸುತ್ತಿನಲ್ಲಿ ಕಾಲು ಭಾರವಾಗುವುದು ಮನೋಬಲದ ಕೊರತೆಯಿಂದಲ್ಲ.

ಓಡುವ ಜೀವಕ್ಕೆ ಏನೇನು ಬೇಕೆಂಬುದು ನಮ್ಮ ಜಿಲ್ಲೆಗೆ ಗೊತ್ತಿಲ್ಲದ್ದೇನಲ್ಲ. ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಕುಣಿಗಲ್ ಫಾರಂ ಇರುವುದು ಇಲ್ಲೇ. ಯಾವ ಮರಿಗೆ ಯಾವ ಮೇವು, ಎಷ್ಟು ವಯಸ್ಸಿಗೆ ಎಷ್ಟು ಓಡಿಸಬೇಕು, ಯಾವಾಗ ನಿಲ್ಲಿಸಬೇಕು, ಗೊರಸಿಗೆ ಎಂಥ ನೆಲ ಬೇಕು ಎಂದು ತಲೆಮಾರುಗಳಿಂದ ತಿಳಿದ ಊರು ಕುಣಿಗಲ್. ಆ ತಿಳಿವಳಿಕೆಯಲ್ಲಿ ಹತ್ತರಲ್ಲೊಂದು ಪಾಲು ಪಕ್ಕದ ಹೈಸ್ಕೂಲಿನ ಹುಡುಗಿಯರಿಗೆ ಸಿಕ್ಕಿದ್ದರೆ ಎಂದು ಆ ಹಸಿರು ಬಯಲಿನ ಮುಂದೆ ಬಸ್ಸು ಹಾದಾಗಲೆಲ್ಲ ನನಗೆ ಅನಿಸುತ್ತದೆ.

ಕೊನೆಗೂ ದೂರದ ಓಟದಲ್ಲಿ ಭಾರತಕ್ಕೆ ಹೆಸರು ತಂದ ಹುಡುಗಿಯರು ಬಂದದ್ದು ದೊಡ್ಡ ಊರುಗಳಿಂದಲ್ಲ. ಕವಿತಾ ರಾವುತ್ ನಾಸಿಕ್ ಬಳಿಯ ಸಾವರ್‌ಪಾಡಾ ಎಂಬ ಆದಿವಾಸಿ ಹಳ್ಳಿಯವಳು. ಮನೆಗೆ ನೀರು ತರಲು ದೂರ ನಡೆದು ಬೆಳೆದವಳು. ಶೂ ಇಲ್ಲದೆಯೂ ಓಡಬಹುದೆಂದೇ ಈ ಆಟ ಹಿಡಿದವಳು. ಪ್ರೀಜಾ ಶ್ರೀಧರನ್ ಕೇರಳದ ಇಡುಕ್ಕಿಯ ಬಡ ಮನೆಯಿಂದ ಬಂದು ರೈಲ್ವೆಯಲ್ಲಿ ಕೆಲಸ ಹಿಡಿದವಳು. ಲಲಿತಾ ಬಾಬರ್ ಸಾತಾರಾದ ಮಾಣ್ ತಾಲ್ಲೂಕಿನ ಮೋಹಿ ಗ್ರಾಮದವಳು. ಪಾವಗಡ, ಶಿರಾ ಕಂಡವರಿಗೆ ಮಾಣ್ ತಾಲ್ಲೂಕಿನ ಬರವನ್ನು ಬೇರೆ ವಿವರಿಸಬೇಕಿಲ್ಲ. ಅವಳು ಮೊದಲು ಆಡುತ್ತಿದ್ದದ್ದು ಖೋ ಖೋ, ನಮ್ಮ ಹಳ್ಳಿ ಶಾಲೆಗಳ ಹುಡುಗಿಯರಂತೆಯೇ. ಒ.ಪಿ. ಜೈಷಾ ನಮ್ಮ ಗಡಿಗೆ ಅಂಟಿದ ವಯನಾಡಿನವಳು.

ಇವರನ್ನೆಲ್ಲ ಒಂದೇ ಸೂರಿನಡಿ ಪಳಗಿಸಿದ ಜಾಗಗಳಲ್ಲಿ ಮುಖ್ಯವಾದದ್ದು ತುಮಕೂರಿನಿಂದ ಎರಡು ಗಂಟೆ ದಾರಿಯ ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ಕೇಂದ್ರ. ಬೆಲಾರೂಸ್‌ನಿಂದ ಬಂದ ಕೋಚ್ ನಿಕೊಲಾಯ್ ಸ್ನೆಸಾರೆವ್ ಕೈಯಲ್ಲಿ, ಬೆಂಗಳೂರಲ್ಲಿ ಒಂದಷ್ಟು ದಿನ, ಊಟಿಯ ಎತ್ತರದಲ್ಲಿ ಒಂದಷ್ಟು ದಿನ ಇವರ ಅಭ್ಯಾಸ ನಡೆಯಿತು. ಎತ್ತರದಲ್ಲಿ ಗಾಳಿ ತೆಳು. ಅಲ್ಲಿ ವಾರಗಟ್ಟಲೆ ಓಡಿದರೆ ದೇಹ ತಾನಾಗಿ ಕೆಂಪು ರಕ್ತಕಣ ಹೆಚ್ಚಿಸಿಕೊಳ್ಳುತ್ತದೆ. ಇಥಿಯೋಪಿಯಾ, ಕೆನ್ಯಾದ ಓಟಗಾರರು ಹುಟ್ಟಿ ಬೆಳೆಯುವುದೇ ಅಂಥ ನೆಲದಲ್ಲಿ. ಸ್ನೆಸಾರೆವ್ ಕಠೋರ ಮನುಷ್ಯ ಎಂದು ಹೆಸರಾದವರು. 2021ರ ಮಾರ್ಚಿನಲ್ಲಿ ಪಟಿಯಾಲದ ಹಾಸ್ಟೆಲ್ ಕೋಣೆಯಲ್ಲೇ ಅವರು ತೀರಿಕೊಂಡರು, ಭಾರತದ ಕೋಚ್ ಆಗಿರುವಾಗಲೇ.

2010ರ ಅಕ್ಟೋಬರ್ 8ರ ಸಂಜೆ ದೆಹಲಿಯ ಕಾಮನ್‌ವೆಲ್ತ್ ಕೂಟದಲ್ಲಿ ಹತ್ತು ಸಾವಿರ ಮೀಟರ್ ಓಟ. ಮುಂದೆ ಇಬ್ಬರು ಕೆನ್ಯಾದವರು. ಗ್ರೇಸ್ ಮೊಮಾನ್ಯಿ ಚಿನ್ನಕ್ಕೆ ಓಡುತ್ತಿದ್ದಳು. ಅವರ ಹಿಂದೆ ಮೂರನೆಯವಳಾಗಿ ಕವಿತಾ 33 ನಿಮಿಷ 5.28 ಸೆಕೆಂಡಿನಲ್ಲಿ ಬಂದಳು. 1958ರಲ್ಲಿ ಮಿಲ್ಖಾ ಸಿಂಗ್ ಚಿನ್ನ ಗೆದ್ದ ಮೇಲೆ ಕಾಮನ್‌ವೆಲ್ತ್ ಟ್ರ್ಯಾಕ್‌ನಲ್ಲಿ ಒಬ್ಬ ಭಾರತೀಯನಿಗೂ ವೈಯಕ್ತಿಕ ಪದಕ ಸಿಕ್ಕಿರಲಿಲ್ಲ. ಐವತ್ತೆರಡು ವರ್ಷದ ಬರ ಮುರಿದವಳು ಹೆಣ್ಣು, ಅದೂ ಇಪ್ಪತ್ತೈದು ಸುತ್ತಿನ ಓಟದಲ್ಲಿ.

ಆರು ವಾರ ಕಳೆದು, ನವೆಂಬರ್ 21ರಂದು ಚೀನಾದ ಗ್ವಾಂಗ್‌ಝೌ ಏಷ್ಯನ್ ಕ್ರೀಡಾಕೂಟ. ಈ ಓಟವನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಓಡಿದ್ದೇನೋ ಲೆಕ್ಕವಿಲ್ಲ. ಹತ್ತು ಸಾವಿರ ಮೀಟರೆಂದರೆ ನೋಡುವವರಿಗೆ ಬೇಸರ, ಓಡುವವರಿಗೆ ಲೆಕ್ಕಾಚಾರ. ಗೆರೆಯ ಪಕ್ಕದ ಹಲಗೆಯಲ್ಲಿ ಉಳಿದ ಸುತ್ತುಗಳ ಅಂಕಿ ಒಂದೊಂದಾಗಿ ಇಳಿಯುತ್ತದೆ: 24, 23, 22. ಮೊದಲ ಹತ್ತು ಸುತ್ತಿನಲ್ಲಿ ಯಾರೂ ಗೆಲ್ಲುವುದಿಲ್ಲ, ಆದರೆ ಸೋಲಬಹುದು. ಅಲ್ಲಿ ಒಂದೊಂದು ಸೆಕೆಂಡು ಹೆಚ್ಚು ಆಸೆ ಪಟ್ಟವರು ಇಪ್ಪತ್ತನೇ ಸುತ್ತಿಗೆ ಅದನ್ನು ಬಡ್ಡಿ ಸಮೇತ ತೀರಿಸಬೇಕು. ಗುಂಪಿನ ಒಳಗಂಚಿನಲ್ಲಿ ಓಡಿದರೆ ದೂರ ಕಡಿಮೆ, ಆದರೆ ಸಿಕ್ಕಿಬೀಳುವ ಅಪಾಯ. ಹೊರಗೆ ಓಡಿದರೆ ದಾರಿ ಸಲೀಸು, ಆದರೆ ಪ್ರತಿ ತಿರುವಿಗೂ ಒಂದೆರಡು ಹೆಜ್ಜೆ ದಂಡ. ಕೊನೆಯ ಸುತ್ತಿನ ಗಂಟೆ ಬಾರಿಸುವ ಹೊತ್ತಿಗೆ ಯಾರಲ್ಲಿ ಏನು ಉಳಿದಿದೆ ಎಂಬುದೇ ಓಟ.

ಪ್ರೀಜಾ 31 ನಿಮಿಷ 50.47 ಸೆಕೆಂಡಿನಲ್ಲಿ ಗೆರೆ ದಾಟಿದಳು. ಕವಿತಾ 31 ನಿಮಿಷ 51.44. ಇಬ್ಬರ ನಡುವೆ ಒಂದು ಸೆಕೆಂಡೂ ಇಲ್ಲ. ಬಹ್ರೇನ್ ಪರ ಓಡಿದ, ಇಥಿಯೋಪಿಯಾ ಮೂಲದ ಹುಡುಗಿ ಮೂರನೆಯವಳು. ಚಿನ್ನ, ಬೆಳ್ಳಿ ಎರಡೂ ನಮ್ಮವು, ಜೊತೆಗೆ ರಾಷ್ಟ್ರೀಯ ದಾಖಲೆ. ಅದೇ ದಿನ ಉತ್ತರ ಪ್ರದೇಶದ ಸುಧಾ ಸಿಂಗ್ ಸ್ಟೀಪಲ್‌ಚೇಸ್ ಚಿನ್ನವನ್ನೂ ಗೆದ್ದಳು. ಪ್ರೀಜಾಳ ಆ ಸಮಯವನ್ನು 25ರಿಂದ ಭಾಗಿಸಿ ನೋಡಿ. ಒಂದು ಸುತ್ತಿಗೆ 76 ಸೆಕೆಂಡು ಚಿಲ್ಲರೆ. ಹಾಗೆ ಇಪ್ಪತ್ತೈದು ಸಲ, ನಡುವೆ ಎಲ್ಲೂ ನಿಲ್ಲದೆ. ತುಮಕೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿ ಯಾವ ಆರೋಗ್ಯವಂತ ಯುವಕನನ್ನಾದರೂ ನಿಲ್ಲಿಸಿ ಆ ವೇಗದಲ್ಲಿ ಓಡಲು ಹೇಳಿ. ಎಷ್ಟು ಸುತ್ತು ತಾಳುತ್ತಾನೆ, ನೋಡಿ. ಹತ್ತು ವರ್ಷಕ್ಕೂ ಮೀರಿ ಆ ದಾಖಲೆಯನ್ನು ಯಾರಿಂದಲೂ ಅಲುಗಿಸಲು ಆಗಲಿಲ್ಲ.

ಬರೆದದ್ದನ್ನು ಅಳಿಸಿ ಮತ್ತೆ ಬರೆಯಬೇಕಾಗಿ ಬಂದ ಕಥೆಯೂ ಈ ಚರಿತ್ರೆಯಲ್ಲಿದೆ. 2002ರ ಬುಸಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಪಂಜಾಬಿನ ಸುನಾಮ್‌ನ ಸುನೀತಾ ರಾಣಿ ಸಾವಿರದೈನೂರರಲ್ಲಿ 4 ನಿಮಿಷ 6.03 ಸೆಕೆಂಡಿನ ಚಿನ್ನ, ಐದು ಸಾವಿರದಲ್ಲಿ ಕಂಚು ಗೆದ್ದಳು. ಮದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದಳೆಂದು ಎರಡನ್ನೂ ಕಿತ್ತುಕೊಂಡರು. ದೇಶವೆಲ್ಲ ತಲೆಗೊಂದು ಮಾತಾಡಿತು. ತಿಂಗಳುಗಳ ನಂತರ ಪರೀಕ್ಷೆಯಲ್ಲೇ ಲೋಪವಿದ್ದದ್ದು ಬಯಲಾಗಿ ಅವಳು ನಿರ್ದೋಷಿ ಎಂದಾಯಿತು, ಪದಕಗಳು ಮರಳಿ ಬಂದವು. ಆ ನಡುವಿನ ತಿಂಗಳುಗಳನ್ನು ಯಾರು ಮರಳಿಸಿದರು? ಆದರೆ ಅವಳ ಸಾವಿರದೈನೂರರ ಸಮಯ 2021ರವರೆಗೂ ರಾಷ್ಟ್ರೀಯ ದಾಖಲೆಯಾಗಿ ನಿಂತಿತ್ತು.

2016ರ ರಿಯೋದಲ್ಲಿ ಲಲಿತಾ ಬಾಬರ್ ಸ್ಟೀಪಲ್‌ಚೇಸ್ ಹೀಟ್‌ನಲ್ಲಿ 9 ನಿಮಿಷ 19.76 ಸೆಕೆಂಡಿನ ರಾಷ್ಟ್ರೀಯ ದಾಖಲೆ ಬರೆದು ಫೈನಲ್ ತಲುಪಿ ಹತ್ತನೆಯವಳಾದಳು. 1984ರ ಉಷಾಳ ನಂತರ ಒಲಿಂಪಿಕ್ಸ್ ಟ್ರ್ಯಾಕ್‌ನ ವೈಯಕ್ತಿಕ ಫೈನಲ್‌ನಲ್ಲಿ ಓಡಿದ ಮೊದಲ ಭಾರತೀಯ ಮಹಿಳೆ. ಅದೇ ರಿಯೋದಲ್ಲಿ, ಹಿಂದಿನ ವರ್ಷವಷ್ಟೇ ಬೀಜಿಂಗ್‌ನಲ್ಲಿ ಮ್ಯಾರಥಾನಿನ ರಾಷ್ಟ್ರೀಯ ದಾಖಲೆಯನ್ನು 2 ಗಂಟೆ 34 ನಿಮಿಷ 43 ಸೆಕೆಂಡಿಗೆ ಇಳಿಸಿದ್ದ ಜೈಷಾ 2 ಗಂಟೆ 47 ನಿಮಿಷ ತೆಗೆದುಕೊಂಡು ಗೆರೆ ದಾಟಿ ಕುಸಿದು ಬಿದ್ದಳು. ನಮ್ಮ ದೇಶದ ಮೇಜುಗಳ ಮೇಲೆ ನೀರಿರಲಿಲ್ಲ ಎಂದು ಅವಳು ಹೇಳಿದಳು. ಬೇಡವೆಂದು ಹೇಳಿದ್ದು ಅವಳೇ ಎಂದು ಅಥ್ಲೆಟಿಕ್ಸ್ ಫೆಡರೇಷನ್ ಹೇಳಿತು. ಆ ದಿನಗಳಲ್ಲಿ ನಾನು ಮತ್ತೆ ಮತ್ತೆ ನೆನೆಸಿಕೊಂಡದ್ದು ಸಹಿ ಮಾಡಿಸಿಕೊಂಡು ಓಡಿದ ರೆವಿಥಿಯನ್ನು.

ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ಹತ್ತು ಕಿಲೋಮೀಟರ್ ಓಟಕ್ಕೆ ಜಗತ್ತಿನ ದೊಡ್ಡ ಓಟಗಾರ್ತಿಯರು ಬರುತ್ತಾರೆ. ನಮ್ಮ ಕಡೆಯಿಂದಲೂ ಬೆಳಗಿನ ಜಾವದ ಬಸ್ಸು, ರೈಲು ಹಿಡಿದು ನೋಡಲು, ಓಡಲು ಹೋಗುವವರಿದ್ದಾರೆ. 2018 ಮತ್ತು 2019ರಲ್ಲಿ ಸತತ ಎರಡು ಸಲ ಗೆದ್ದವಳು ಕೆನ್ಯಾದ ಆಗ್ನೆಸ್ ತಿರೋಪ್. ಹತ್ತೊಂಬತ್ತಕ್ಕೇ ವಿಶ್ವ ಗುಡ್ಡಗಾಡು ಓಟದ ಚಾಂಪಿಯನ್. ಹತ್ತು ಸಾವಿರ ಮೀಟರಿನಲ್ಲಿ 2017ರಲ್ಲೂ 2019ರಲ್ಲೂ ವಿಶ್ವ ಚಾಂಪಿಯನ್‌ಷಿಪ್ ಕಂಚು. ಟೋಕಿಯೊ ಒಲಿಂಪಿಕ್ಸ್‌ನ ಐದು ಸಾವಿರದಲ್ಲಿ ನಾಲ್ಕನೆಯ ಸ್ಥಾನ. 2021ರ ಸೆಪ್ಟೆಂಬರ್ 12ರಂದು ಜರ್ಮನಿಯಲ್ಲಿ, ಹೆಂಗಸರಷ್ಟೇ ಓಡಿದ ಹತ್ತು ಕಿಲೋಮೀಟರ್ ರಸ್ತೆ ಓಟದಲ್ಲಿ 30 ನಿಮಿಷ 1 ಸೆಕೆಂಡಿನ ವಿಶ್ವದಾಖಲೆ. ಒಂದು ತಿಂಗಳು ಕಳೆಯಿತು. ಅಕ್ಟೋಬರ್ 13ರಂದು ಕೆನ್ಯಾದ ಇಟೆನ್‌ನ ಮನೆಯಲ್ಲಿ ಇರಿತದ ಗಾಯಗಳೊಂದಿಗೆ ಅವಳ ಶವ ಸಿಕ್ಕಿತು. ಗಂಡನ ಮೇಲೆ ಕೊಲೆ ಆರೋಪ ಹೊರಿಸಲಾಯಿತು. ಹತ್ತು ದಿನ ಕಳೆದಿದ್ದರೆ ಅವಳಿಗೆ ಇಪ್ಪತ್ತಾರು ತುಂಬುತ್ತಿತ್ತು. ಅವಳ ಹೆಸರಿನಲ್ಲಿ ಮನೆಯೊಳಗಿನ ಹಿಂಸೆಯ ವಿರುದ್ಧ ಕೆಲಸ ಮಾಡುವ ಗುಂಪೊಂದನ್ನು ಅವಳ ಜೊತೆಗಾರರು ಕಟ್ಟಿದರು. ಕಬ್ಬನ್ ಪಾರ್ಕಿನ ಸುತ್ತ ನಮ್ಮ ಮುಂದೆಯೇ ನಗುತ್ತ ಓಡಿ ಗೆದ್ದವಳು. ಗೆಲ್ಲುವ ಹೆಣ್ಣಿಗೆ ಗೆರೆಯ ಆಚೆಗೂ ಕಾವಲು ಬೇಕೆಂಬುದು ಗುಬ್ಬಿಗೂ ಇಟೆನ್‌ಗೂ ಒಂದೇ.

2023ರ ಅಕ್ಟೋಬರ್ 3. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಐದು ಸಾವಿರ ಮೀಟರ್. ಮೀರತ್ ಜಿಲ್ಲೆಯ ಹಳ್ಳಿಯ ಪಾರುಲ್ ಚೌಧರಿ ಕೊನೆಯ ನೇರದಲ್ಲೂ ಜಪಾನಿನ ರಿರಿಕಾ ಹಿರೊನಾಕಾಳ ಹಿಂದಿದ್ದಳು. ಇನ್ನೇನು ಗೆರೆ ಬಂತು ಅನ್ನುವಾಗ ಒಳಬದಿಯಿಂದ ನುಗ್ಗಿ ದಾಟಿಬಿಟ್ಟಳು. 15 ನಿಮಿಷ 14.75 ಸೆಕೆಂಡು. ಈ ಓಟದಲ್ಲಿ ಏಷ್ಯನ್ ಚಿನ್ನ ಗೆದ್ದ ಮೊದಲ ಭಾರತೀಯ ಮಹಿಳೆ. ಹಿಂದಿನ ದಿನವಷ್ಟೇ ಸ್ಟೀಪಲ್‌ಚೇಸ್‌ನಲ್ಲಿ ಬೆಳ್ಳಿ ಗೆದ್ದ ಕಾಲುಗಳು ಅವು.

ಆ ವಾರ ನಾನು ಕುಣಿಗಲ್‌ಗೆ ಹೋಗಿದ್ದೆ. ನಿಟ್ಟೂರು ಕಡೆಯ ಆ ಹುಡುಗಿಯನ್ನು ಎಸ್ಸೆಸ್ಸೆಲ್ಸಿ ಆದ ಮೇಲೆ ಅಲ್ಲಿಗೇ ಕೊಟ್ಟಿದ್ದರು. ಈಗ ಮೊಮ್ಮಗಳಿದ್ದಾಳೆ. ದಿನಾ ಬೆಳಿಗ್ಗೆ ದೊಡ್ಡಕೆರೆಯ ಏರಿಯ ಮೇಲೆ ನಡೆಯುತ್ತಾರೆ, ನನಗೆ ಜೊತೆ ಹೋಗಲು ಕಷ್ಟವಾಗುವಷ್ಟು ಬಿರುಸಾಗಿ. ಮೊಬೈಲಿನಲ್ಲಿ ಪಾರುಲ್ ಓಡಿದ್ದನ್ನು ತೋರಿಸಿದೆ. ಎರಡು ಸಲ ನೋಡಿದರು. ಮೂರನೇ ಸಲ ಕೊನೆಯ ನೂರು ಮೀಟರನ್ನು ಮಾತ್ರ ಹಾಕಿಸಿಕೊಂಡರು.

“ಎಷ್ಟು ಸುತ್ತಪ್ಪ ಇದು?”

“ಹನ್ನೆರಡೂವರೆ ಅಕ್ಕ. ನಾನೂರು ಮೀಟರಿನ ಸುತ್ತು.”

“ಟೈಮು?”

ಹೇಳಿದೆ. ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿದರು. ಕೆರೆ ಏರಿಯ ತುದಿಯವರೆಗೆ ಮಾತಾಡಲಿಲ್ಲ.

“ಅವತ್ತು ಗುಬ್ಬೀಲಿ ನಾನು ಓಡಿದ್ನಲ್ಲ, ಎಷ್ಟು ನಿಮಿಷಕ್ಕೆ ಅಂತ ಯಾರಾದ್ರೂ ಬರ್ಕೊಂಡಿದ್ರಾ?”

ಕೂಟಕ್ಕೆಲ್ಲ ಸೇರಿ ಇದ್ದದ್ದು ಒಂದೇ ಸ್ಟಾಪ್‌ವಾಚು. ಅದು ಹುಡುಗರ ನೂರು ಮೀಟರಿಗೆ ಹೋಗಿತ್ತು. ಹುಡುಗಿಯರ ಎಂಟುನೂರರ ಎದುರು ಮೇಷ್ಟ್ರು ಬರೆದದ್ದು ಹೆಸರು, ಶಾಲೆ, ‘ಪ್ರಥಮ’. ಸುಣ್ಣದ ಡಬ್ಬ ಕೆಳಗಿಟ್ಟು ಆ ಪುಸ್ತಕಕ್ಕೆ ಗೀಟು ಹಾಕಿಕೊಟ್ಟವನು ನಾನೇ. ಸಮಯ ಬರೆಯುವ ಕಾಲಮ್ಮೊಂದು ಅದರಲ್ಲಿತ್ತು. ಖಾಲಿ ಬಿಟ್ಟಿದ್ದೆವು.

“ಇಲ್ಲ ಅಕ್ಕ,” ಅಂದೆ.